ಪಾಠದ ಗುಂಪಿಗೆ ಹೊಸ ಮಗು ಸೇರಿದಾಗ

ಕನ್ನಡ ಮಾಧ್ಯಮ ಶಾಲೆಗೆ ಮಗುವನ್ನು ದಾಖಲಿಸಿದ ದಿನವೇ ಪಾಲಕರ ಮೊಬೈಲ್ ಸಂಖ್ಯೆಯನ್ನು ತರಗತಿಯ ವಾಟ್ಸ್‌ಆ್ಯಪ್ ಗುಂಪಿಗೆ ಸೇರಿಸುವ ರೂಢಿ ಈಗ ಬೆಳೆದಿದೆ. ಸಂಖ್ಯೆ ಸೇರಿದರೆ ಮಗುವೂ ಸೇರಿತೆಂದು ನಾವು ತಿಳಿಯುತ್ತೇವೆ. ವಾಸ್ತವದಲ್ಲಿ ತಡವಾಗಿ ಬಂದವರಿಗೆ ಗುಂಪಿನ ಹಿಂದಿನ ಸಂದೇಶಗಳು ಸಾಮಾನ್ಯವಾಗಿ ಕಾಣುವುದೇ ಇಲ್ಲ. ಉಳಿದವರು ಮೂರನೆಯ ಪಾಠದಲ್ಲಿರುವಾಗ ಹೊಸ ಮಗು ಖಾಲಿ ಕೋಣೆಗೆ ಕಾಲಿಟ್ಟಂತಾಗುತ್ತದೆ. ಹಳೆಯ ಪಾಠಗಳನ್ನು ಯಾರಾದರೊಬ್ಬರು ಮತ್ತೆ ಕಳುಹಿಸಲೇಬೇಕು.

ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ನಮ್ಮ ಮಕ್ಕಳಿಗೆ ಇನ್ನೊಂದು ತೊಡಕಿದೆ. ಕೊರೊನಾ ವರ್ಷವಾದ 2020ರಲ್ಲಿ ಅದು ಎದ್ದು ಕಂಡಿತು. ಜುಲೈ 20ರಿಂದ ಕರ್ನಾಟಕದ ಪ್ರೌಢಶಾಲಾ ಪಾಠಗಳು ಚಂದನ ವಾಹಿನಿಯಲ್ಲಿ ಬಂದವು. ಸೆಪ್ಟೆಂಬರ್ 1ರಿಂದ ತೆಲಂಗಾಣದ ಪಾಠಗಳು ದೂರದರ್ಶನದ ಯಾದಗಿರಿ ಮತ್ತು ಟಿ-ಸ್ಯಾಟ್ ವಾಹಿನಿಗಳಲ್ಲಿ ಬಂದವು. ಅತ್ತ ಭಾಷೆ ನಮ್ಮದು, ಇತ್ತ ಪಠ್ಯಕ್ರಮ ನಮ್ಮದು.

ಈ ತೊಡಕು ಇಂದಿಗೂ ತೀರಿಲ್ಲ. ಕೇಂದ್ರ ಸರ್ಕಾರವು 2017ರಲ್ಲಿ ಆರಂಭಿಸಿದ ದೀಕ್ಷಾ ಆ್ಯಪ್ ಮೊದಲ ಸಲ ತೆರೆದಾಗ ಯಾವ ಮಂಡಳಿ, ಯಾವ ಮಾಧ್ಯಮ, ಯಾವ ತರಗತಿ ಎಂದು ಕೇಳುತ್ತದೆ. ಕರ್ನಾಟಕವನ್ನು ಆರಿಸಿದರೆ ಕನ್ನಡದ ಪಾಠಗಳು ಹೇರಳವಾಗಿ ದೊರೆಯುತ್ತವೆ. ಆದರೆ ಅವು ನಮ್ಮ ಪುಸ್ತಕದ ಕ್ರಮದಲ್ಲಿರುವುದಿಲ್ಲ. ಗಣಿತ, ವಿಜ್ಞಾನಗಳಲ್ಲಿ ಇದರಿಂದ ಹೆಚ್ಚಿನ ಹಾನಿಯಿಲ್ಲ. ಸಮಾಜ ವಿಜ್ಞಾನದಲ್ಲಿ ಮಾತ್ರ ಮಗು ತಬ್ಬಿಬ್ಬಾಗುತ್ತದೆ: ಮನೆಯಲ್ಲಿ ಮಂಡಲ, ಜಿಲ್ಲಾ ಪರಿಷತ್ತು ಎಂದು ಕೇಳಿದ್ದು ಅಲ್ಲಿ ತಾಲ್ಲೂಕು, ಜಿಲ್ಲಾ ಪಂಚಾಯತಿ ಆಗಿರುತ್ತದೆ. ಹತ್ತನೆಯ ತರಗತಿಯ ಪರೀಕ್ಷೆ ಅಲ್ಲಿ ಎಸ್‌ಎಸ್‌ಎಲ್‌ಸಿ, ನಮಗೆ ಎಸ್‌ಎಸ್‌ಸಿ. ಆದುದರಿಂದ ಹೊಸ ಮನೆಯವರಿಗೆ ಇಪ್ಪತ್ತು ವಿಡಿಯೋ ಕೊಂಡಿಗಳನ್ನು ಒಮ್ಮೆಗೇ ರವಾನಿಸುವುದು ಉಪಕಾರವಲ್ಲ. ನಮ್ಮ ಪುಸ್ತಕದ ಯಾವ ಪಾಠಕ್ಕೆ ಯಾವ ವಿಡಿಯೋ ಎಂದು ತಿಳಿಸಿ ಒಂದನ್ನು ಕಳುಹಿಸಿದರೆ ಸಾಕು.

ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಫೋನು ಮನೆಯಲ್ಲಿರುವುದು ಎಷ್ಟು ಹೊತ್ತಿಗೆ? ಪಾಲಮೂರು ಸೀಮೆಯಿಂದ ದುಡಿಯಲು ದೂರದ ನಗರಗಳಿಗೆ ಹೋಗುವುದು ಹಳೆಯ ಕಥೆ. ತಂದೆಯೊಡನೆ ಫೋನೂ ಹೊರಟುಹೋದರೆ, ಬೆಳಿಗ್ಗೆ ಹತ್ತಕ್ಕೆ ಕಳುಹಿಸಿದ ಪಾಠ ಯಾರಿಗೆ? ಅಜ್ಜಿಯ ಬಳಿಯಿರುವ ಸಾದಾ ಫೋನಿಗೆ ಸಂಜೆ ಕರೆ ಮಾಡುವುದೇ ಅಂಥ ಮನೆಗೆ ಸರಿಯಾದ ಆನ್‌ಲೈನ್ ಪಾಠವೆಂದು ನಾವು ಹೇಳುತ್ತೇವೆ, ನಕ್ಕರೂ ಚಿಂತೆಯಿಲ್ಲ.

ಮೊದಲ ವಾರ ಮಗುವಿನಿಂದ ಬರಹ ಬೇಡ. ಹೆಸರು, ಊರು, ಇಷ್ಟದ ಆಟ ಇಷ್ಟನ್ನು ಧ್ವನಿ ಸಂದೇಶದಲ್ಲಿ ಹೇಳಲಿ. ಅದಕ್ಕೆ ನಲವತ್ತು ಹೆಬ್ಬೆರಳ ಚಿಹ್ನೆಗಳು ಬರುವುದಕ್ಕಿಂತ ಅದೇ ತರಗತಿಯ ಒಂದು ಮಗು ಮಾತಿನಲ್ಲಿ ಉತ್ತರಿಸುವುದು ಮೇಲು. ಮನೆಮಾತು ತೆಲುಗೋ ಲಂಬಾಣಿಯೋ ಆಗಿದ್ದು, ಉತ್ತರದಲ್ಲಿ ಆ ಮಾತು ಬೆರೆತರೆ ಕೂಡಲೇ ತಿದ್ದಬಾರದು. ಎಲ್ಲರೆದುರು ತಿದ್ದಿಸಿಕೊಂಡ ಮಗು ಮತ್ತೆ ಬಾಯಿ ತೆರೆಯಲು ಹೆದರುತ್ತದೆ. ಅದರ ಮೌನವನ್ನು ಕಂಡ ಮನೆಯವರು ಮಾಧ್ಯಮವನ್ನೇ ಬದಲಿಸುವ ಯೋಚನೆಗೆ ಬೀಳುತ್ತಾರೆ. ಮಕ್ಕಳ ಸಂಖ್ಯೆ ಕಡಿಮೆಯಿರುವ ಗಡಿಯ ಶಾಲೆಗೆ ಒಂದು ಮಗುವೂ ದೊಡ್ಡ ಲೆಕ್ಕವೇ.

ಕನ್ನಡ ಕೀಲಿಮಣೆಯನ್ನು ಫೋನಿನಲ್ಲಿ ಅಳವಡಿಸುವುದು ಎರಡನೆಯ ವಾರದ ಕೆಲಸ. ಪಾಲಕರ ಸಭೆಯಲ್ಲಿ ದೊಡ್ಡ ತರಗತಿಯ ಮಕ್ಕಳೇ ಅದನ್ನು ಮಾಡಿಕೊಡಬಲ್ಲರು. ಶುಭೋದಯದ ಚಿತ್ರಗಳು ಪಾಠವನ್ನು ಮುಚ್ಚಿಹಾಕದಂತೆ ಪಾಠದ ಹೊತ್ತನ್ನು ಗೊತ್ತುಪಡಿಸುವುದೂ ಅಂದೇ ಆಗಲಿ. ಇಷ್ಟಾದ ಮೇಲೂ ಹೊಸ ಮಗುವಿನಿಂದ ಮೂರು ದಿನ ಉತ್ತರ ಬಾರದಿದ್ದರೆ ಗುಂಪಿನಲ್ಲಿ ಅದರ ಹೆಸರು ಬರೆದು ಕೇಳಬೇಡಿ. ಆ ಮನೆಗೆ ಕರೆ ಮಾಡಿ.