ಹಿಂದಿನ ಗೇಟಿಗೆ ಯಾರು ನಿಲ್ಲುತ್ತಾರೆ?

ಮುಷ್ಕರಕ್ಕೆ ಘೋಷಣೆ ಬರೆದುಕೊಡುವವರು ಬೇಗ ಸಿಗುತ್ತಾರೆ. ಭಾಷಣ ಮಾಡುವವರಿಗೂ ಬರವಿಲ್ಲ. ಬೆಳಿಗ್ಗೆ ಎಂಟು ಗಂಟೆಗೆ, ಕೊರೆಯುವ ಚಳಿಯಲ್ಲಿ, ಶಾಲೆಯ ಹಿಂದಿನ ಗೇಟಿನ ಮುಂದೆ ಯಾರು ನಿಲ್ಲಬೇಕು ಎಂದು ಹೆಸರು ಬರೆಯಲು ಕುಳಿತಾಗ ಮಾತ್ರ ಎಲ್ಲರಿಗೂ ಬೇರೆ ಕೆಲಸ ನೆನಪಾಗುತ್ತದೆ.

2020ರ ಜನವರಿ 21ರ ಮಂಗಳವಾರ ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಕ್ಯಾಥೊಲಿಕ್ ಶಾಲೆಗಳ ಸುಮಾರು 45 ಸಾವಿರ ಶಿಕ್ಷಕರು ಒಂದು ದಿನದ ಮುಷ್ಕರ ನಡೆಸಿದರು. ಟೊರೊಂಟೊ ಪಕ್ಕದ ಮಿಸ್ಸಿಸಾಗದ ಪ್ರಾಥಮಿಕ ಶಾಲೆಯೊಂದರಲ್ಲಿ ಆ ದಿನದ ಪಾಳಿ ಪಟ್ಟಿ ಬರೆಯುವ ಕೆಲಸ ನನ್ನ ತಂಗಿಯ ಪಾಲಿಗೆ ಬಂದಿತ್ತು. ನಾವಿಬ್ಬರೂ ಬಂಟ್ವಾಳದ ಕಡೆಯವರು, ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ನಾನು ನರ್ಸಿಂಗ್ ಮುಗಿಸಿ ಮುಂಬೈಗೆ ಬಂದೆ. ಅವಳು ಬಿ.ಎಡ್. ಮಾಡಿ, ಮದುವೆಯಾಗಿ ಅಲ್ಲಿಗೆ ಹೋದಳು. ಇಲ್ಲಿ ಅಂಧೇರಿಯ ಆಸ್ಪತ್ರೆಯಲ್ಲಿ ವಾರ್ಡಿನ ಡ್ಯೂಟಿ ಚಾರ್ಟ್ ಬರೆಯುವುದು ಎಷ್ಟೋ ವರ್ಷಗಳಿಂದ ನನ್ನ ಕೆಲಸ. ಹಾಗಾಗಿ ಫೋನು ನನಗೇ ಬಂತು. "ಇಪ್ಪತ್ತಾರು ಜನ, ಎರಡು ಗೇಟು, ಎರಡು ಪಾಳಿ. ಜಗಳವಾಗದ ಹಾಗೆ ಹೇಗೆ ಬರೆಯುತ್ತೀ ಹೇಳು" ಎಂದಳು.

ಚರ್ಚಿನ ಶಾಲೆ, ಸರ್ಕಾರದ ಸಂಬಳ

ಕ್ಯಾಥೊಲಿಕ್ ಶಾಲೆಯ ಶಿಕ್ಷಕರು ಸರ್ಕಾರದ ವಿರುದ್ಧ ಮುಷ್ಕರ ಮಾಡಿದ್ದು ಏಕೆ ಎಂಬ ಪ್ರಶ್ನೆ ಸಹಜ. ಕೆನಡಾದ 1867ರ ಸಂವಿಧಾನ ಕಾಯ್ದೆಯ 93ನೇ ಕಲಮು ಒಂಟಾರಿಯೊದ ಕ್ಯಾಥೊಲಿಕರ ಪ್ರತ್ಯೇಕ ಶಾಲೆಗಳ ಹಕ್ಕನ್ನು ಕಾಪಾಡಿದೆ. ಅಲ್ಲಿ ಈ ಶಾಲೆಗಳು ಪೂರ್ತಿ ಸರ್ಕಾರಿ ಹಣದಲ್ಲೇ ನಡೆಯುತ್ತವೆ. ನಮ್ಮ ಅನುದಾನಿತ ಶಾಲೆಗಳನ್ನು ನೆನಪಿಸಿಕೊಂಡರೆ ಅಂದಾಜು ಸಿಗುತ್ತದೆ. ನೇಮಕಾತಿಗೆ ಚರ್ಚಿನ ಗುರುಗಳ ಪತ್ರ ಕೇಳುತ್ತಾರೆ, ಸಂಬಳ ತೆರಿಗೆಯ ಹಣದಿಂದ ಬರುತ್ತದೆ. ಈ ಶಿಕ್ಷಕರ ಸಂಘ ಹುಟ್ಟಿದ್ದು 1944ರಲ್ಲಿ.

ಜಗಳಕ್ಕೆ ಕಾರಣಗಳು ಹಲವು. 2019ರಲ್ಲಿ ಡಗ್ ಫೋರ್ಡ್ ಸರ್ಕಾರ ಪ್ರೌಢಶಾಲಾ ತರಗತಿಯ ಸರಾಸರಿ ಮಕ್ಕಳ ಸಂಖ್ಯೆಯನ್ನು 22ರಿಂದ 28ಕ್ಕೆ ಏರಿಸುವುದಾಗಿ ಹೇಳಿತು. ಪ್ರತಿಭಟನೆಯ ನಂತರ ಹಿಂದೆ ಸರಿಯಿತು. 4ರಿಂದ 8ನೇ ತರಗತಿಗಳ ಸರಾಸರಿಯೂ ಸ್ವಲ್ಪ ಏರುವುದಿತ್ತು. ಅದೇ ವರ್ಷ ನವೆಂಬರಿನಲ್ಲಿ ಬಂದ ಬಿಲ್ 124 ಎಂಬ ಕಾನೂನು, ಸಾರ್ವಜನಿಕ ವಲಯದ ನೌಕರರ ಸಂಬಳ ಏರಿಕೆಯನ್ನು ಮೂರು ವರ್ಷ ಕಾಲ ವರ್ಷಕ್ಕೆ ಶೇ 1ಕ್ಕೆ ಕಟ್ಟಿಹಾಕಿತು. ಆಗ ಅಲ್ಲಿ ಬೆಲೆ ಏರಿಕೆ ಶೇ 2ರ ಆಸುಪಾಸಿನಲ್ಲಿತ್ತು. ಪ್ರಾಥಮಿಕ ಶಾಲೆಯವರಿಗೆ ಇನ್ನೂ ಒಂದು ಚಿಂತೆಯಿತ್ತು. ಕಲಿಕೆಯಲ್ಲಿ ಹಿಂದುಳಿದ, ವಿಶೇಷ ಆರೈಕೆ ಬೇಕಾದ ಮಕ್ಕಳಿಗೆ ಸಿಗುವ ನೆರವು ಕಡಿಮೆಯಾದರೆ ಆ ಭಾರ ತರಗತಿಯ ಶಿಕ್ಷಕಿಯ ಮೇಲೇ ಬೀಳುತ್ತದೆ.

ಮುಷ್ಕರವೂ ಒಂದೇ ಬೆಳಿಗ್ಗೆ ಹುಟ್ಟಲಿಲ್ಲ. ಸದಸ್ಯರ ಮತದಾನದಲ್ಲಿ ಶೇ 97ರಷ್ಟು ಮಂದಿ ಪರವಾಗಿದ್ದರು. ಸಂಧಾನಕಾರರ ಹಂತ ದಾಟಬೇಕು, ಕೊನೆಗೆ ಐದು ದಿನ ಮೊದಲು ನೋಟಿಸ್ ಕೊಡಬೇಕು. ಆ ಐದು ದಿನಗಳಲ್ಲಿ ಶಾಲೆ ಶಾಲೆಗಳಲ್ಲಿ ಪಾಳಿ ಪಟ್ಟಿ ತಯಾರಾಗಬೇಕು. ಮುಂಬೈಯಲ್ಲಿ ಮುಷ್ಕರ ಎಂದರೆ ಹಳಬರಿಗೆ 1982ರ ಗಿರಣಿ ಮುಷ್ಕರ ನೆನಪಾಗುತ್ತದೆ, ಎರಡೂವರೆ ಲಕ್ಷದಷ್ಟು ಕಾರ್ಮಿಕರು ಹೊರಬಂದು ಮತ್ತೆ ಮರಳಲಾಗದೆ ಹೋದದ್ದು. ಒಂಟಾರಿಯೊದ ಲೆಕ್ಕ ಬೇರೆ. ಅಲ್ಲಿ ಶಿಕ್ಷಕರು ಒಂದು ದಿನ ಬೀದಿಗೆ ಬಂದು, ಮರುದಿನ ಅದೇ ತರಗತಿಗೆ ಹೋಗಿ ಅದೇ ಮಕ್ಕಳಿಗೆ ಪಾಠ ಹೇಳುತ್ತಾರೆ. ಪಕ್ಕದ ತರಗತಿಯ ಟೀಚರ್ ಕೂಡ ಅವರೇ ಇರುತ್ತಾರೆ. ಪಟ್ಟಿ ನ್ಯಾಯವಾಗಿರಬೇಕಾದದ್ದು ಇದಕ್ಕೇ.

ಗೇಟಿನ ಮುಂದಿನ ನಿಯಮಗಳು

ಪಿಕೆಟಿಂಗ್ ನಮಗೆ ಹೊಸ ಮಾತಲ್ಲ. 1930ರಲ್ಲಿ ಇದೇ ಮುಂಬೈಯಲ್ಲಿ ದೇಶ ಸೇವಿಕೆಯರು ಕೇಸರಿ ಸೀರೆಯುಟ್ಟು ವಿದೇಶಿ ಬಟ್ಟೆಯಂಗಡಿಗಳ ಮುಂದೆ ಪಿಕೆಟಿಂಗ್ ನಡೆಸಿದ್ದರು. ಒಂಟಾರಿಯೊದ ಶಿಕ್ಷಕರದ್ದೂ ಹೆಚ್ಚುಕಡಿಮೆ ಅದೇ ಕ್ರಮ. ಶಾಲೆಯ ಆವರಣದೊಳಗೆ ಹೋಗುವಂತಿಲ್ಲ, ಸಾರ್ವಜನಿಕ ಕಾಲುದಾರಿಯಲ್ಲಿ ಫಲಕ ಹಿಡಿದು ಅತ್ತಿತ್ತ ನಡೆಯಬೇಕು. ಒಳಗೆ ಹೋಗುವವರನ್ನು ಬಲವಂತವಾಗಿ ತಡೆಯುವಂತಿಲ್ಲ. ಬೈಯುವಂತಿಲ್ಲ.

ಒಳಗೆ ಹೋಗುವವರು ಇದ್ದೇ ಇರುತ್ತಾರೆ. ಪ್ರಿನ್ಸಿಪಾಲರು 1998ರಿಂದ ಶಿಕ್ಷಕರ ಸಂಘದಲ್ಲಿಲ್ಲ, ಅವರು ಬರಲೇಬೇಕು. ಶಾಲೆ ಗುಡಿಸಿ ಒರೆಸುವ ಸಿಬ್ಬಂದಿ ಬೇರೆ ಸಂಘದವರು, ಅವರಿಗೆ ಅಂದು ಕೆಲಸದ ದಿನ. ಇವರೆಲ್ಲ ಕಾರು ನಿಲ್ಲಿಸುವುದು ಹಿಂದೆ. ಮುಂದಿನ ಗೇಟು ದೊಡ್ಡ ರಸ್ತೆಗಿದೆ. ಹೋಗುವ ಕಾರುಗಳು ಬೆಂಬಲಕ್ಕೆ ಹಾರ್ನ್ ಹೊಡೆಯುತ್ತವೆ, ಯಾರೋ ಕಾಫಿ ತಂದುಕೊಡುತ್ತಾರೆ, ಫೋಟೊ ತೆಗೆಯುತ್ತಾರೆ. ಹಿಂದಿನ ಗೇಟಿನಲ್ಲಿ ಗಾಳಿ ಮಾತ್ರ. ನಾಳೆ ನಿಮ್ಮ ಕೆಲಸದ ಬಗ್ಗೆ ವರದಿ ಬರೆಯುವ ಪ್ರಿನ್ಸಿಪಾಲರ ಕಾರಿನ ಮುಂದೆ ಇವತ್ತು ಫಲಕ ಹಿಡಿದು ನಡೆಯಬೇಕಾದದ್ದೂ ಅಲ್ಲೇ. ಯಾರಿಗೂ ಅದು ಬೇಡ.

ಇಪ್ಪತ್ತಾರು ಹೆಸರು

ತಂಗಿಯ ಲೆಕ್ಕ ಹೀಗಿತ್ತು: ಬೆಳಿಗ್ಗೆ 8ರಿಂದ 11, 11ರಿಂದ 2. ಪ್ರತಿ ಪಾಳಿಗೆ ಮುಂದೆ ಏಳು, ಹಿಂದೆ ನಾಲ್ಕು. ಅಲ್ಲಿಗೆ ಇಪ್ಪತ್ತೆರಡು. ಉಳಿದ ನಾಲ್ವರಲ್ಲಿ ಮೂವರಿಗೆ ಹೊರಗೆ ನಿಲ್ಲಲು ಆಗುವುದಿಲ್ಲ: ಒಬ್ಬಾಕೆ ಏಳು ತಿಂಗಳ ಬಸುರಿ, ಒಬ್ಬರಿಗೆ ಮಂಡಿ ಆಪರೇಷನ್ ಆಗಿದೆ, ಒಬ್ಬರಿಗೆ ಚಳಿ ತಾಗಿದರೆ ಉಬ್ಬಸ. ಕೊನೆಯ ಒಬ್ಬರು ಬದಲಿ.

ಈ ಮೂವರ ಹೆಸರು ಬಿಟ್ಟುಬಿಡು ಎಂದು ಶಾಲೆಯಲ್ಲಿ ಕೆಲವರು ಕರುಣೆಯಿಂದಲೇ ಹೇಳಿದ್ದರು. ಬಿಡಬೇಡ ಎಂದೆ. ವಾರ್ಡಿನಲ್ಲಿ ನಾನು ಕಂಡದ್ದು ಇದು: ಚಾರ್ಟಿನಲ್ಲಿ ಹೆಸರಿಲ್ಲದವರ ಬಗ್ಗೆ ಮೂರನೇ ದಿನ ಮಾತು ಶುರುವಾಗುತ್ತದೆ. ಹಾಗಾಗಿ ಮೂವರಿಗೂ ಕೆಲಸ ಬಂತು. ಬಸುರಿ ಟೀಚರ್ ರಸ್ತೆ ಬದಿಯಲ್ಲಿ ನಿಲ್ಲಿಸಿದ ಕಾರಿನಲ್ಲಿ ಹೀಟರ್ ಹಾಕಿಕೊಂಡು ಹಾಜರಿ ಪುಸ್ತಕ ಹಿಡಿದರು. ಮಂಡಿ ನೋವಿನವರು ಮನೆಯಿಂದಲೇ ಫೋನಿನ ಉಸ್ತುವಾರಿ. ಉಬ್ಬಸದವರು ಅರ್ಧ ಗಂಟೆಗೊಮ್ಮೆ ಕಾರಿನಲ್ಲಿ ಬಿಸಿ ಕಾಫಿ ತರುವುದು, ಬೇಕಾದವರನ್ನು ಹತ್ತಿರದ ಕಾಫಿ ಅಂಗಡಿಯ ಶೌಚಾಲಯಕ್ಕೆ ಕರೆದೊಯ್ಯುವುದು. ಶಾಲೆಯ ಒಳಗೆ ಹೋಗುವಂತಿಲ್ಲವಲ್ಲ, ಇಪ್ಪತ್ತೆರಡು ಜನಕ್ಕೆ ಶೌಚಾಲಯ ಎಲ್ಲಿ ಎಂಬುದು ಘೋಷಣೆಗಿಂತ ಮೊದಲು ಬಗೆಹರಿಯಬೇಕಾದ ವಿಷಯ.

ಹಾಜರಿ ಪುಸ್ತಕ ಬರೀ ಶಿಸ್ತಿಗಲ್ಲ. ಅಲ್ಲಿನ ಸಂಘಗಳಲ್ಲಿ ಸಾಮಾನ್ಯವಾಗಿ ಮುಷ್ಕರ ದೀರ್ಘವಾದರೆ ಸಂಘದ ನಿಧಿಯಿಂದ ಭತ್ಯೆ ಸಿಗುತ್ತದೆ. ಅದು ಸಿಗಬೇಕಾದರೆ ಪಾಳಿಯ ಕೆಲಸ ಮಾಡಿ ಸಹಿ ಹಾಕಿರಬೇಕು. ಆ ದಿನದ ಸಂಬಳವಂತೂ ಕಡಿತವಾಗಿರುತ್ತದೆ.

ಇನ್ನೂ ಗಂಟುಗಳಿದ್ದವು. ಗಂಡ ಹೆಂಡತಿ ಇಬ್ಬರೂ ಬೇರೆ ಬೇರೆ ಕ್ಯಾಥೊಲಿಕ್ ಶಾಲೆಗಳಲ್ಲಿ ಶಿಕ್ಷಕರು. ಒಂದೇ ದಿನ ಎರಡೂ ಸಂಬಳ ಹೋಗುತ್ತದೆ, ಅವರದೇ ಮಕ್ಕಳ ಶಾಲೆಯೂ ಮುಚ್ಚಿರುತ್ತದೆ. ಮಗುವನ್ನು ನೋಡಿಕೊಳ್ಳುವವರು ಯಾರು? ತಂಗಿ ಇನ್ನೊಂದು ಶಾಲೆಯ ಪಿಕೆಟ್ ಕ್ಯಾಪ್ಟನ್‌ಗೆ ಫೋನ್ ಮಾಡಿ ಗಂಡನಿಗೆ ಬೆಳಗಿನ ಪಾಳಿ, ಹೆಂಡತಿಗೆ ಮಧ್ಯಾಹ್ನದ್ದು ಎಂದು ಹೊಂದಿಸಿದಳು. ಮತ್ತೊಬ್ಬ ಹಿರಿಯ ಟೀಚರ್ ಮುಷ್ಕರದ ವಿರುದ್ಧ ಮತ ಹಾಕಿದ್ದರು. ಅದನ್ನು ಮುಚ್ಚಿಡಲೂ ಇಲ್ಲ. "ಗೇಟು ದಾಟಿ ಒಳಗೆ ಹೋಗುವುದಿಲ್ಲ, ಆದರೆ ನಾನು ಒಪ್ಪದ ಮಾತಿನ ಫಲಕ ಹಿಡಿಯುವುದಿಲ್ಲ" ಎಂದರು. ಫಲಕ ಬೇಡ, ನಡೆದರೆ ಸಾಕು ಎಂದಾಯಿತು. ಅವರು ಮೂರು ಗಂಟೆ ಬರಿಗೈಯಲ್ಲಿ ನಡೆದರು. ಆಕೆಯನ್ನು ಅಂದು ಚುಚ್ಚಿ ಮಾತಾಡಿದ್ದರೆ, ಅವರ ನಿವೃತ್ತಿಯವರೆಗೂ ಸ್ಟಾಫ್ ರೂಮಿನಲ್ಲಿ ಎರಡು ಗುಂಪುಗಳಿರುತ್ತಿದ್ದವು.

ಮೂರು ಮಾತು

ನಾನು ತಂಗಿಗೆ ಹೇಳಿದ್ದು ಮೂರೇ ಮಾತು. ಅತಿ ಕಷ್ಟದ ಪಾಳಿಗೆ ಮೊದಲ ಹೆಸರು ಪಟ್ಟಿ ಬರೆಯುವವಳದ್ದೇ ಇರಲಿ. ಕಳೆದ ಸಲ ಯಾರು ಎಲ್ಲಿದ್ದರು ಎಂಬುದು ಬರಹದಲ್ಲಿರಲಿ, ನೆನಪಿನ ಮೇಲೆ ಬಿಡಬೇಡ. ಹೂಂ ಅನ್ನುವವರಿಗೆ ಎರಡು ಸಲ ಕೊಡಬೇಡ.

ಮೂರನೆಯದಕ್ಕೆ ಬೇಗ ಪರೀಕ್ಷೆ ಬಂತು. ಫೆಬ್ರುವರಿ 21ರಂದು ಒಂಟಾರಿಯೊದ ನಾಲ್ಕೂ ಶಿಕ್ಷಕ ಸಂಘಗಳು ಒಟ್ಟಿಗೆ ಮುಷ್ಕರಕ್ಕಿಳಿದವು. ಸುಮಾರು 2 ಲಕ್ಷ ಶಿಕ್ಷಕರು ಮತ್ತು ಸಿಬ್ಬಂದಿ ಹೊರಗೆ, ಸುಮಾರು 20 ಲಕ್ಷ ಮಕ್ಕಳು ಮನೆಯಲ್ಲಿ. 1997ರ ಎರಡು ವಾರಗಳ ಮುಷ್ಕರದ ನಂತರ ನಾಲ್ಕೂ ಸಂಘಗಳು ಒಂದೇ ದಿನ ಬೀದಿಗಿಳಿದದ್ದು ಅದೇ ಮೊದಲು. ಹಿಂದಿನ ಗೇಟಿಗೆ ಮತ್ತೆ ನಾಲ್ವರು ಬೇಕು. ಜನವರಿಯಲ್ಲಿ ಅಲ್ಲಿ ನಿಂತಿದ್ದ, ಕೆಲಸಕ್ಕೆ ಸೇರಿ ವರ್ಷವೂ ತುಂಬದ ಹುಡುಗಿಯ ಹೆಸರನ್ನೇ ಇಬ್ಬರು ಹಿರಿಯರು ಸೂಚಿಸಿದರು. ಅವಳು ಇಲ್ಲ ಅನ್ನುವುದಿಲ್ಲ ಎಂಬುದೇ ಕಾರಣ. ತಂಗಿ ಹಳೆಯ ಹಾಳೆ ತೆಗೆದು ತೋರಿಸಿ, ಮೊದಲ ಸಲ ಮುಂದೆ ನಿಂತಿದ್ದ ಅದೇ ಇಬ್ಬರ ಹೆಸರನ್ನು ಹಿಂದಿನ ಗೇಟಿಗೆ ಬರೆದಳು. ಒಂದು ವಾರ ಅವರು ಮಾತು ಬಿಟ್ಟರು. ಆದರೆ ಬೆಳಿಗ್ಗೆ ಎಂಟಕ್ಕೆ ಬಂದು ನಿಂತರು. ಹಾಳೆಯಲ್ಲಿ ಬರೆದದ್ದು ಕಣ್ಣೆದುರು ಇರುವಾಗ ವಾದಿಸುವುದು ಕಷ್ಟ.

ಊರಿನಲ್ಲಿ ಅಮ್ಮನಿಗೆ ಬೇರೆಯೇ ಸಂಕಟ. ಚರ್ಚಿನ ಶಾಲೆಯ ಎದುರು ಫಲಕ ಹಿಡಿದು ನಿಲ್ಲುವುದು ಸರಿಯೇ ಎಂದು ಕೇಳಿದರು. 1891ರಲ್ಲೇ ಪೋಪ್ ಹದಿಮೂರನೇ ಲಿಯೊ ಕಾರ್ಮಿಕರು ಸಂಘ ಕಟ್ಟುವ ಹಕ್ಕನ್ನು ಎತ್ತಿಹಿಡಿದು ಪತ್ರ ಬರೆದಿದ್ದರು. 1981ರಲ್ಲಿ ಎರಡನೇ ಜಾನ್ ಪಾಲ್, ಸರಿಯಾದ ಮಿತಿಯೊಳಗೆ ಮುಷ್ಕರವೂ ನ್ಯಾಯವಾದ ದಾರಿ ಎಂದರು. ಇದನ್ನು ಹೇಳಿದ ಮೇಲೆ ಅಮ್ಮ ಕೇಳಿದ್ದು ಒಂದೇ: "ಕಾಲಿಗೆ ಉಣ್ಣೆಯ ಸಾಕ್ಸ್ ಹಾಕಿದ್ದಾಳಾ?"

ಪೋಷಕರ ಕಷ್ಟವನ್ನೂ ಹೇಳಬೇಕು. ವಿಮಾನ ನಿಲ್ದಾಣದಲ್ಲಿ, ಗೋದಾಮುಗಳಲ್ಲಿ ಪಾಳಿ ಕೆಲಸ ಮಾಡುವವರು ಮಿಸ್ಸಿಸಾಗದಲ್ಲಿ ಬಹಳ. ಮುಷ್ಕರದ ದಿನ ಮಗುವನ್ನು ಎಲ್ಲಿ ಬಿಡುವುದು? ಸರ್ಕಾರ ಮಗುವಿನ ವಯಸ್ಸು ನೋಡಿ ದಿನಕ್ಕೆ 25ರಿಂದ 60 ಡಾಲರ್ ಕೊಟ್ಟಿತು. ಆದರೂ ಕಾರು ನಿಲ್ಲಿಸಿ ರೇಗಿದವರಿದ್ದರು. ವಾದ ಮಾಡಬೇಡಿ, ಕರಪತ್ರ ಕೊಡಿ ಎಂಬುದು ಪಟ್ಟಿಯ ಕೆಳಗೆ ಬರೆದಿದ್ದ ಸೂಚನೆ. ರೇಗಿದವರ ಮಗು ನಾಳೆ ಇವರ ತರಗತಿಯಲ್ಲೇ ಕೂರುತ್ತದೆ.

ನಮ್ಮ ಕಡೆಯ ಟೀಚರುಗಳು

ಮಾರ್ಚ್ 12ರಂದು ಕ್ಯಾಥೊಲಿಕ್ ಶಿಕ್ಷಕರ ಸಂಘಕ್ಕೂ ಸರ್ಕಾರಕ್ಕೂ ತಾತ್ಕಾಲಿಕ ಒಪ್ಪಂದವಾಯಿತು. ಅದೇ ದಿನ ಕೊರೊನಾ ಕಾರಣಕ್ಕೆ ಶಾಲೆಗಳನ್ನು ಮುಚ್ಚುವ ಘೋಷಣೆಯೂ ಬಂತು. ಸಂಬಳ ಕಟ್ಟಿಹಾಕಿದ್ದ ಕಾನೂನು ಸಂವಿಧಾನಕ್ಕೆ ವಿರುದ್ಧ ಎಂದು ನ್ಯಾಯಾಲಯ 2022ರ ನವೆಂಬರಿನಲ್ಲಿ ಹೇಳಿತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯದಲ್ಲೂ ಸರ್ಕಾರ ಸೋತು ಕಾನೂನನ್ನು ಹಿಂಪಡೆಯಿತು.

ಇದನ್ನೆಲ್ಲ ಕೇಳುವಾಗ ಇಲ್ಲಿ ನನ್ನ ಸುತ್ತ ಇರುವ ಟೀಚರುಗಳು ನೆನಪಾಗುತ್ತಾರೆ. ಭಾರತದ ಸುಪ್ರೀಂ ಕೋರ್ಟ್ 1988ರಲ್ಲಿ, ಶಿಕ್ಷಕರು ಕೈಗಾರಿಕಾ ವಿವಾದ ಕಾಯ್ದೆಯಡಿ ಕಾರ್ಮಿಕರಲ್ಲ ಎಂದು ತೀರ್ಪು ಕೊಟ್ಟಿತು. ಪಾಠ ಹೇಳುವುದು ಒಂದು ಉದಾತ್ತ ಸೇವೆ ಎಂಬುದು ಅದರ ಮಾತು. ಆ ಪ್ರಕರಣವೂ ಗೋವಾದಲ್ಲಿ ಕ್ಯಾಥೊಲಿಕ್ ಸನ್ಯಾಸಿನಿಯರು ನಡೆಸುತ್ತಿದ್ದ ಶಾಲೆಯ ಶಿಕ್ಷಕಿಯೊಬ್ಬರದ್ದು. ಮಹಾರಾಷ್ಟ್ರದಲ್ಲಿ 2023ರ ಮಾರ್ಚ್ 14ರಿಂದ 20ರವರೆಗೆ ಹಳೆ ಪಿಂಚಣಿಗಾಗಿ ಸರ್ಕಾರಿ ನೌಕರರ ಜೊತೆ ಶಿಕ್ಷಕರೂ ಮುಷ್ಕರ ಮಾಡಿದರು. ಅನುದಾನವಿಲ್ಲದ ಖಾಸಗಿ ಶಾಲೆಯವರಿಗೆ ಆ ಧೈರ್ಯವೂ ಇಲ್ಲ. ಲಾಕ್‌ಡೌನ್ ಕಾಲದಲ್ಲಿ ನನ್ನ ಪರಿಚಯದ ಕನ್ನಡದ ಟೀಚರ್ ಒಬ್ಬರಿಗೆ ತಿಂಗಳುಗಟ್ಟಲೆ ಅರ್ಧ ಸಂಬಳ ಸಿಕ್ಕಿತು. ಶಾಲೆಯಲ್ಲಿ ಮೂವತ್ತು ಜನ ಟೀಚರುಗಳಿದ್ದರು. ಮೂವತ್ತೂ ಜನ ಒಬ್ಬೊಬ್ಬರಾಗಿ ಆಫೀಸಿಗೆ ಹೋಗಿ ಕೇಳಿ, ಒಬ್ಬೊಬ್ಬರಾಗಿಯೇ ಬರಿಗೈಯಲ್ಲಿ ಹಿಂದಿರುಗಿದರು.

ಒಟ್ಟಿಗೆ ನಿಲ್ಲುವುದು ಮನಸ್ಸಿದ್ದರೆ ಆಗುವ ಕೆಲಸ ಎಂದು ನಾವು ಅಂದುಕೊಳ್ಳುತ್ತೇವೆ. ಅದಕ್ಕೆ ಹಾಳೆಯೂ ಬೇಕು, ಗಂಟೆ ಲೆಕ್ಕವೂ ಬೇಕು, ಬಸುರಿಗೆ ಕುರ್ಚಿ, ಒಪ್ಪದವರಿಗೆ ಜಾಗ ಬೇಕು. ಪುಣೆಯ ಕಾರ್ಖಾನೆಯಲ್ಲಿರಲಿ, ಹೈದರಾಬಾದಿನ ಐ.ಟಿ. ಕಚೇರಿಯಲ್ಲಿರಲಿ, ನಿಮ್ಮೂರಿನ ಕನ್ನಡ ಸಂಘದಲ್ಲಿರಲಿ, ಮುಂದಿನ ಸಲ ಕೆಲಸ ಹಂಚುವ ಪಟ್ಟಿ ಕೈಗೆ ಬಂದಾಗ ಕೊನೆಯ ಸಾಲು ನೋಡಿ. ಅಲ್ಲಿ ಪ್ರತಿ ಸಲವೂ ಒಂದೇ ಹೆಸರಿದ್ದರೆ, ಆ ಹೆಸರನ್ನು ಮೇಲಕ್ಕೆ ಬರೆಸಿ.