ಎಮರ್ಜೆನ್ಸಿ ವಾರ್ಡಿನ ರಿಜಿಸ್ಟರ್ ಓದೋರು ಯಾರು?

ರಾಯಚೂರಿನಿಂದ ನಮ್ಮ ಚಾನೆಲ್ಲಿಗೆ ವಾಂತಿ-ಭೇದಿ ಸುದ್ದಿ ಬರೋದು ಯಾವಾಗ? ಒಂದು ಜೀವ ಹೋದ ಮೇಲೆ. ಹತ್ತು ಜನ ಆಸ್ಪತ್ರೆ ಸೇರಿದರೆ ಅದು ಪರದೆಯ ಕೆಳಗೆ ಓಡುವ ಒಂದು ಸಾಲು. ಒಬ್ಬರು ಸತ್ತರೆ ಬ್ರೇಕಿಂಗ್ ನ್ಯೂಸ್. ಇದು ನಮ್ಮ ಮೇಲಿನ ಆರೋಪವೂ ಹೌದು, ಒಪ್ಕೋತೀನಿ. ಆದರೆ ಇವತ್ತು ನಾನು ಕೇಳ್ತಿರೋದು ಆ ಸಾವಿಗಿಂತ ಹಿಂದಿನ ಒಂದೆರಡು ದಿನಗಳ ಲೆಕ್ಕ.

2023ರ ಮೇ ಕೊನೆಯ ವಾರ. ದೇವದುರ್ಗ-ಅರಕೇರಾ ಭಾಗದ ರೇಕಲಮರಡಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಮಂದಿ ಅಸ್ವಸ್ಥರಾದರು. ಒಂದು ಪುಟ್ಟ ಮಗು ತೀರಿಕೊಂಡಿತು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ, 2022ರ ಮೇ-ಜೂನ್‌ನಲ್ಲಿ, ರಾಯಚೂರು ನಗರದಲ್ಲೇ ಇದಕ್ಕಿಂತ ದೊಡ್ಡ ಅನಾಹುತ ಆಗಿತ್ತು. ನಗರಸಭೆ ನಲ್ಲಿ ನೀರು ಕುಡಿದವರು ಸಾಲು ಸಾಲಾಗಿ ಆಸ್ಪತ್ರೆ ಸೇರಿದರು. ಸತ್ತವರ ಸಂಖ್ಯೆ ಮೂರು, ಐದು ಅಂತ ಏರುತ್ತಾ ಹೋಯಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ ತನಿಖೆಗೆ ಆದೇಶ ಕೊಟ್ಟರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಹರಿಯೋ ಜಿಲ್ಲೆ ಇದು!

ಈಗ ಒಂದು ಮಾತು ಯೋಚಿಸಿ. ಕೆಟ್ಟ ನೀರು ಕುಡಿದ ಊರಲ್ಲಿ ಎಲ್ಲರೂ ಒಂದೇ ಗಳಿಗೆಯಲ್ಲಿ ಬೀಳೋದಿಲ್ಲ. ಕಾಲರಾ ರೋಗಾಣು ಒಳಗೆ ಹೋದ ಮೇಲೆ ಕೆಲವರಿಗೆ ಕೆಲವೇ ಗಂಟೆಗಳಲ್ಲಿ, ಇನ್ನು ಕೆಲವರಿಗೆ ಐದು ದಿನ ಬಿಟ್ಟು ಭೇದಿ ಶುರುವಾಗಬಹುದು. ಅಂದರೆ ಮೊದಲು ಬರೋರು ಇಬ್ಬರೋ ಮೂವರೋ. ಡ್ಯೂಟಿ ಡಾಕ್ಟರ್ ಸಲೈನ್ ಹಾಕ್ತಾರೆ, ನರ್ಸ್ ರಿಜಿಸ್ಟರ್‌ನಲ್ಲಿ ಬರೀತಾರೆ: ಹೆಸರು, ವಯಸ್ಸು, ಊರು, ವಾಂತಿ-ಭೇದಿ. ಬೆಳಿಗ್ಗೆ ಶಿಫ್ಟ್ ಬದಲಾಗುತ್ತೆ. ಬೇರೆ ಡಾಕ್ಟರ್, ಬೇರೆ ನರ್ಸ್, ಅದೇ ಊರಿನಿಂದ ಇನ್ನಿಬ್ಬರು. ಮತ್ತೊಬ್ಬ ಅಜ್ಜಿಯನ್ನ 108 ಆಂಬುಲೆನ್ಸ್ ನೇರವಾಗಿ ರಿಮ್ಸ್‌ಗೆ ಒಯ್ದಿರುತ್ತೆ. ಒಬ್ಬೊಬ್ಬ ಡಾಕ್ಟರ್ ಕಂಡದ್ದು ಒಬ್ಬೊಬ್ಬ ರೋಗಿಯನ್ನ. ಊರಿಗೆ ಊರೇ ಬೀಳ್ತಿದೆ ಅನ್ನೋದು ಗೊತ್ತಿರೋದು ರಿಜಿಸ್ಟರ್‌ಗೆ ಮಾತ್ರ. ಅದನ್ನ ಆ ದಿನವೇ ಕೂಡಿಸಿ ನೋಡೋರು ಬೇಕು.

ಹೀಗೆ ನೋಡೋ ಪದ್ಧತಿಯನ್ನ ಲಕ್ಷಣ ಆಧಾರಿತ ಕಣ್ಗಾವಲು ಅಂತಾರೆ. ರೋಗದ ಹೆಸರಿಗೆ ಕಾಯಲ್ಲ, ರೋಗಿ ಬಾಯಿಬಿಟ್ಟು ಹೇಳಿದ ತೊಂದರೆಯನ್ನೇ ಎಣಿಸೋದು. ಮಲದ ಮಾದರಿ ಲ್ಯಾಬಿಗೆ ಹೋಗಿ ಕಲ್ಚರ್ ರಿಪೋರ್ಟ್ ಬರೋಕೆ ಎರಡು ಮೂರು ದಿನ ಬೇಕು. ಎಣಿಕೆಗೆ ಅರ್ಧ ಗಂಟೆ ಸಾಕು. ಉದಾಹರಣೆಗೆ, ಒಂದು ಊರಿನಿಂದ ವಾರಕ್ಕೆ ಒಂದು ಭೇದಿ ಕೇಸ್ ಬರೋದು ವಾಡಿಕೆ ಅಂತಿಟ್ಟುಕೊಳ್ಳಿ. ಒಂದೇ ದಿನ ನಾಲ್ಕು ಬಂದರೆ, ಅದರಲ್ಲೂ ದೊಡ್ಡವರು ಚಿಕ್ಕವರು ಎಲ್ಲಾ ವಯಸ್ಸಿನವರೂ ಇದ್ದರೆ, ಅದು ಯಾರ ಮನೆಯ ಊಟದ ದೋಷವೂ ಅಲ್ಲ. ಮೊದಲು ಅನುಮಾನ ಪಡಬೇಕಾದ್ದು ಟ್ಯಾಂಕನ್ನ.

ಇದು ಬರೀ ಪುಸ್ತಕದ ಮಾತಲ್ಲ. ನ್ಯೂಯಾರ್ಕ್ ನಗರದ ಆರೋಗ್ಯ ಇಲಾಖೆ 2001ರಿಂದ ಎಮರ್ಜೆನ್ಸಿ ವಾರ್ಡುಗಳ ದೂರುಗಳನ್ನ ದಿನವೂ ತರಿಸಿಕೊಂಡು ಎಣಿಸುತ್ತೆ. 2003ರ ಆಗಸ್ಟ್‌ನಲ್ಲಿ ಅಲ್ಲಿ ಭಾರೀ ವಿದ್ಯುತ್ ವ್ಯತ್ಯಯ ಆಯಿತು. (ಕರೆಂಟ್ ಹೋಗೋದು ನಮಗೇನೂ ಸುದ್ದಿಯಲ್ಲ, ಶಕ್ತಿನಗರದಲ್ಲಿ ಕರೆಂಟ್ ಹುಟ್ಟಿಸೋ ಜಿಲ್ಲೆಗೂ ಅಲ್ಲ.) ಅದಾದ ಬೆನ್ನಿಗೇ ಭೇದಿ ಅಂತ ಬರೋರ ಸಂಖ್ಯೆ ಏರಿದ್ದು ಲೆಕ್ಕದಲ್ಲಿ ಕಾಣಿಸಿತು. ವಿಚಾರಿಸಿದಾಗ, ಫ್ರಿಜ್ ಕೆಟ್ಟು ಹಾಳಾದ ಮಾಂಸ, ಮೀನು ತಿಂದದ್ದಕ್ಕೂ ಅದಕ್ಕೂ ನಂಟು ಕಂಡಿತು. ಅಮೆರಿಕದ್ದೇ ಇನ್ನೊಂದು ಊರು ಮಿಲ್ವಾಕಿಯಲ್ಲಿ 1993ರಲ್ಲಿ ನಲ್ಲಿ ನೀರಿನಿಂದ ಸುಮಾರು ನಾಲ್ಕು ಲಕ್ಷ ಜನ ಮಲಗಿದರು. ಅಲ್ಲಿ ಮೊದಲ ಸುಳಿವುಗಳಲ್ಲಿ ಒಂದು, ಮೆಡಿಕಲ್ ಶಾಪುಗಳಲ್ಲಿ ಭೇದಿ ಮಾತ್ರೆ ಖಾಲಿಯಾದದ್ದು.

ನಮ್ಮಲ್ಲಿ ವ್ಯವಸ್ಥೆಯೇ ಇಲ್ವಾ? ಇದೆ. 2004ರಲ್ಲಿ ಶುರುವಾದ ಐಡಿಎಸ್‌ಪಿ, ಅಂದರೆ ಸಮಗ್ರ ರೋಗ ಕಣ್ಗಾವಲು ಯೋಜನೆ. ಆರೋಗ್ಯ ಕಾರ್ಯಕರ್ತೆಯರದ್ದು ಎಸ್ ಫಾರ್ಮ್, ಡಾಕ್ಟರದ್ದು ಪಿ ಫಾರ್ಮ್, ಲ್ಯಾಬಿನದ್ದು ಎಲ್ ಫಾರ್ಮ್. ಸೋಮವಾರದಿಂದ ಭಾನುವಾರದ ತನಕ ಕೂಡಿಸಿ ವಾರಕ್ಕೊಂದು ವರದಿ. ವಾಂತಿ-ಭೇದಿ ವಾರ ಕಾಯುತ್ತೇನ್ರೀ? ಈ ಕೊರತೆ ನೀಗಲು 2021ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಆನ್‌ಲೈನ್ ವೇದಿಕೆ ಬಂತು, ಐಎಚ್‌ಐಪಿ ಅಂತ. ಅದಕ್ಕೂ ಮೊದಲು, 2018ರಲ್ಲೇ, ಪ್ರಾಯೋಗಿಕವಾಗಿ ಶುರು ಮಾಡಿದ ಏಳು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 33 ರೋಗಗಳ ಮಾಹಿತಿ ಅಂದಂದೇ ಹಾಕಬಹುದು.

ಹಾಗಾದರೆ ತೊಡಕೆಲ್ಲಿ? ಮೊದಲನೇದು, ನಮ್ಮ ಹಳ್ಳಿಯವರು ನೇರವಾಗಿ ಎಮರ್ಜೆನ್ಸಿ ವಾರ್ಡಿಗೆ ಹೋಗೋದಿಲ್ಲ. ಊರಿನ ಆರ್‌ಎಂಪಿ ಹತ್ತಿರ ಒಂದು ಇಂಜೆಕ್ಷನ್, ಒಂದು ಬಾಟಲಿ ಗ್ಲೂಕೋಸ್, ಅಲ್ಲಿಗೂ ನಿಲ್ಲದಿದ್ದರೆ ಅರಕೇರಾ ಆಸ್ಪತ್ರೆ, ಆಮೇಲೆ ದೇವದುರ್ಗ, ಕೊನೆಗೆ ರಾಯಚೂರು. ರಿಜಿಸ್ಟರ್‌ಗೆ ಹೆಸರು ಏರೋ ಹೊತ್ತಿಗೆ ಕೈಕಾಲು ತಣ್ಣಗಾಗಿರುತ್ತೆ. ಅದಕ್ಕೇ ನನ್ನ ಪ್ರಕಾರ ಆರ್‌ಎಂಪಿ, ಮೆಡಿಕಲ್ ಶಾಪ್, 108 ಕರೆ ಎಲ್ಲವೂ ಈ ಎಣಿಕೆಗೆ ಸೇರಬೇಕು. ಆರ್‌ಎಂಪಿ ಮೇಲೆ ಕೇಸ್ ಹಾಕೋದು ಬಿಡೋದು ಬೇರೆ ಚರ್ಚೆ, ಅವರಿಗೆ ಗೊತ್ತಿರೋ ಸುದ್ದಿ ನಮಗೆ ಬೇಕು.

ಎರಡನೇದು ಭಯ. ‘ಕೇಸ್ ಜಾಸ್ತಿ ಇದೆ’ ಅಂತ ಬರೆದವನೇ ಮೇಲಿನವರಿಗೆ ಉತ್ತರ ಕೊಡಬೇಕಾದರೆ ಯಾರು ಬರೀತಾರೆ? ಹತ್ತು ಸಲ ಗಂಟೆ ಬಾರಿಸಿದರೆ ಕೆಲವು ಸಲ ಸುಳ್ಳಾಗಲೇಬೇಕು. ಜಾತ್ರೆ ಊಟದ ಅಜೀರ್ಣವೂ ಲೆಕ್ಕದಲ್ಲಿ ಹಾಗೇ ಕಾಣುತ್ತೆ. ಸುಳ್ಳು ಗಂಟೆಗೆ ಖರ್ಚಾಗೋದು ಒಂದು ಜೀಪಿನ ಡೀಸೆಲ್, ಒಂದಿಷ್ಟು ಬ್ಲೀಚಿಂಗ್ ಪೌಡರ್, ಅಷ್ಟೇ.

ಮೂರನೇದೇ ದೊಡ್ಡದು. ಎಣಿಸೋದು ಆರೋಗ್ಯ ಇಲಾಖೆ, ವಾಲ್ವ್ ತಿರುಗಿಸೋದು ಗ್ರಾಮ ಪಂಚಾಯ್ತಿ ವಾಟರ್‌ಮ್ಯಾನ್. ಡಾಕ್ಟರ್ ಟಿಎಚ್‌ಒಗೆ ಹೇಳಿ, ಅವರು ತಾಲ್ಲೂಕು ಪಂಚಾಯ್ತಿಗೆ ಬರೆದು, ಅಲ್ಲಿಂದ ಪಿಡಿಒಗೆ ಬರೋ ಹೊತ್ತಿಗೆ ಊರವರು ಅದೇ ನೀರನ್ನ ಇನ್ನೆರಡು ಸಲ ತುಂಬಿಟ್ಟುಕೊಂಡಿರ್ತಾರೆ.

ಅರಕೇರಾದಂಥ ಕಡೆಗೆ ಇದಕ್ಕೆ ದೊಡ್ಡ ಸಾಫ್ಟ್‌ವೇರ್ ಬೇಕಿಲ್ಲ. ರಿಜಿಸ್ಟರ್‌ನಲ್ಲಿ ಊರಿನ ಹೆಸರಷ್ಟೇ ಅಲ್ಲ, ಕುಡಿಯೋದು ಬೋರ್ ನೀರೋ ಟ್ಯಾಂಕ್ ನೀರೋ ಅನ್ನೋ ಒಂದು ಕಾಲಂ. ರಾತ್ರಿ ಶಿಫ್ಟ್ ಮುಗಿಸೋ ನರ್ಸ್ ಊರುವಾರು ಕೂಡಿಸಿ ಗೋಡೆ ಮೇಲೆ ಬರೆಯೋ ಒಂದು ಹಲಗೆ. ಅದರ ಪಕ್ಕದಲ್ಲಿ ಪ್ರತಿ ಪಂಚಾಯ್ತಿಯ ಪಿಡಿಒ ಮತ್ತು ವಾಟರ್‌ಮ್ಯಾನ್ ಮೊಬೈಲ್ ನಂಬರ್. ಭಾನುವಾರ ರಾತ್ರಿ ಹತ್ತು ಗಂಟೆಗೆ ಫೋನ್ ಮಾಡಿದರೂ ಎತ್ತಬೇಕು ಅನ್ನೋ ಒಂದು ಲಿಖಿತ ಆದೇಶ.