ಸೀಟು ಒರಗಿಸಿ ಮಲಗಿದ್ರೆ ಬೆಲ್ಟ್ ಕಾಪಾಡುತ್ತಾ?

ರಾತ್ರಿ ಬೆಂಗಳೂರಿಂದ ಮಂಗಳೂರಿಗೆ ಕಾರಲ್ಲಿ ಹೊರಟರೆ, ಡ್ರೈವರ್ ಪಕ್ಕ ಕೂತವರು ಸೀಟನ್ನ ಪೂರ್ತಿ ಹಿಂದಕ್ಕೆ ಒರಗಿಸಿ ನಿದ್ದೆ ಹೋಗ್ತಾರೆ. ಬೆಲ್ಟ್ ಹಾಕಿದೀನಲ್ಲ ಅನ್ನೋ ಧೈರ್ಯ. ಆದ್ರೆ ಹಾಗೆ ಮಲಗಿದಾಗ ಮೇಲಿನ ಪಟ್ಟಿ ಎದೆಯಿಂದ ದೂರ ಉಳಿಯುತ್ತೆ. ಕಾರು ಗುದ್ದಿದ್ರೆ ಮೈ ಕೆಳಗಿನ ಪಟ್ಟಿಯಡಿ ಜಾರುತ್ತೆ. ಸೊಂಟದ ಮೂಳೆಯನ್ನ ಹಿಡಿಯಬೇಕಾದ ಪಟ್ಟಿ ಹೊಟ್ಟೆಯನ್ನೇ ಅದುಮುತ್ತೆ. ಅಲ್ಲಿರೋದು ಕರುಳು, ಲಿವರ್.

ಹಾಗಾಗಿ ಬೆನ್ನು ಸೀಟಿಗೆ ತಾಗಿರಲಿ. ಕೆಳಗಿನ ಪಟ್ಟಿ ಹೊಟ್ಟೆ ಮೇಲಲ್ಲ, ತೊಡೆಯ ಬುಡದಲ್ಲಿರಲಿ. ಹೆಡ್‌ರೆಸ್ಟ್ ತಲೆಯ ಮೇಲ್ಭಾಗದ ಮಟ್ಟಕ್ಕಿರಲಿ. ಓಡಿಸೋರ ಎದೆಗೂ ಸ್ಟೀರಿಂಗ್ ನಡುವಿಗೂ ಕನಿಷ್ಠ 25 ಸೆಂಟಿಮೀಟರ್ ಅಂತರ ಬೇಕು, ಏರ್‌ಬ್ಯಾಗ್ ಉಬ್ಬೋಕೆ. ಇದೆಲ್ಲ ಕಾರು ನಿಂತಿದ್ದಾಗಲೇ ಹೊಂದಿಸಿ.

ನಿದ್ದೆ ತಡೆಯೋಕಾಗ್ತಿಲ್ವಾ? ಹಾಸನದಲ್ಲಿ ಗಾಡಿ ನಿಲ್ಲಿಸಿ, ಆಮೇಲೆ ಸೀಟು ಒರಗಿಸಿ.